ಬೂಷ್ಟಕ್ಕನ ಮೂವತ್ನಾಲ್ಕು ಪತ್ರಗಳು

ಬೂಷ್ಟಕ್ಕ ಎಂಬ ಹೆಸರನ್ನು ಮೊದಲು ಇಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ನಾನು ಸಂಶೋಧನೆಗೆಂದು ಆ ಸಂಸ್ಥೆಗೆ ಸೇರುವ ಹೊತ್ತಿಗಾಗಲೇ ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರಿತ್ತು. ಅವರಿಗೂ ಅದರ ಬಗ್ಗೆ ಬೇಸರವಿರಲಿಲ್ಲ. "ಬ್ರೆಡ್ಡಿಗೆ ಬೂಷ್ಟು ಬಂದ್ರೆ ನೀವೆಲ್ಲ ಎಸೀತೀರಿ. ನಾನು ಎತ್ತಿಟ್ಟು ಸಾಕ್ತೀನಿ. ಇನ್ನೇನಂತ ಕರೀಬೇಕು ಪಾಪ ಜನ?" ಎನ್ನುತ್ತಿದ್ದರು.

ಅಕ್ಕ ತೀರಿಕೊಂಡು ಈಗ ಆರು ತಿಂಗಳು. ಅವರ ಬಗ್ಗೆ ಸಂಸ್ಥೆಯ ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿ ಬಂದಿತ್ತು: ಪ್ರಯೋಗಾಲಯ ಸಹಾಯಕಿ, ಮೂವತ್ತೊಂದು ವರ್ಷ ಸೇವೆ, ಪತಿಯನ್ನು ಅಗಲಿದ್ದಾರೆ. ಓದಿ ನನಗೆ ಮೈಯೆಲ್ಲ ಉರಿಯಿತು. ಎರಡು ಸಾಲಿನಲ್ಲಿ ಮುಗಿಸುವಂಥ ಬದುಕಲ್ಲ ಅದು. ಹಾಗೆಂದು ಹೊಗಳಿ ಬರೆದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಯಾಕೆಂದರೆ ಅವರು ಮಾಡಿದ ಅತಿ ದೊಡ್ಡ ಕೆಲಸದಲ್ಲಿ ಒಂದು ಕಪ್ಪು ಕಲೆ ಇದೆ, ಆ ಕಲೆ ನನ್ನದು.

ಅಕ್ಕನ ಕೋಣೆ ನೆಲಮಾಳಿಗೆಯ ತುದಿಯಲ್ಲಿತ್ತು. ಮೂರು ಗೋಡೆಗೂ ಮರದ ಗೂಡುಗಳು, ಗೂಡುಗಳ ತುಂಬ ಬೆರಳುದ್ದದ ಗಾಜಿನ ನಳಿಕೆಗಳು, ಒಟ್ಟು ಸಾವಿರದ ನೂರ ನಲವತ್ತು. ಪ್ರತಿ ನಳಿಕೆಯಲ್ಲೂ ಓರೆಯಾಗಿ ಹೆಪ್ಪುಗಟ್ಟಿಸಿದ, ಬೂಷ್ಟಿಗೆ ಆಹಾರವಾಗುವ ಅಂಟು, ಅದರ ಮೇಲೆ ಒಂದೊಂದು ಜಾತಿಯ ಬೂಷ್ಟು, ಬಾಯಿಗೆ ಹತ್ತಿಯ ಬಿರಡೆ, ಮೈಮೇಲೆ ಚೀಟಿ. ಅಂಟು ಒಣಗಿದರೆ ಬೂಷ್ಟು ಸಾಯುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ಹೊಸ ನಳಿಕೆಗೆ ಸಾಗಿಸಬೇಕು. ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಹಳೆಯದರಿಂದ ಚಿಟಿಕೆಯಷ್ಟು ತೆಗೆದು ಹೊಸದಕ್ಕೆ ಮುಟ್ಟಿಸಬೇಕು. ಒಂದು ವಾರ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಂದದ್ದು ಅದೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹಳೆಯದನ್ನು ಎಸೆಯಬೇಕು. ಸಾವಿರದ ನೂರ ನಲವತ್ತನ್ನೂ ಮುಗಿಸುವಷ್ಟರಲ್ಲಿ ಮೊದಲನೆಯದರ ಸರದಿ ಮತ್ತೆ ಬಂದಿರುತ್ತಿತ್ತು. ಅಕ್ಕ ರಜೆ ಹಾಕಿದ್ದನ್ನು ನಾನು ಕಂಡಿಲ್ಲ.

ಈ ನಳಿಕೆಗಳಿಗೆ ಹೊರಗೆ ಒಂದು ಬಳಗವಿತ್ತು. ನಮ್ಮ ಜೊತೆ ಬೇರೆ ಬೇರೆ ದೇಶಗಳ ಮೂವತ್ನಾಲ್ಕು ಪ್ರಯೋಗಾಲಯಗಳು ಸೇರಿ ಕಟ್ಟಿಕೊಂಡದ್ದು. ಯಾರಿಗೆ ಯಾವ ಬೂಷ್ಟು ಬೇಕೋ ಅವರು ಒಂದು ಕಾರ್ಡು ಬರೆದರೆ ಸಾಕು, ಇದ್ದವರು ಹತ್ತಿಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ಕೊಟ್ಟವರು ಏನೂ ಕೇಳುವಂತಿಲ್ಲ. ಪಡೆದವರಿಗೆ ಮಾತ್ರ ಒಂದು ಕಟ್ಟುಪಾಡು: ಅದರಿಂದ ತಾವು ಕಂಡದ್ದನ್ನು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ವರ್ಷದೊಳಗೆ ಬಳಗಕ್ಕೆ ಬರೆದು ತಿಳಿಸಬೇಕು. ಆ ಟಿಪ್ಪಣಿಗಳನ್ನೆಲ್ಲ ಒಟ್ಟುಮಾಡಿ ಆರು ತಿಂಗಳಿಗೊಮ್ಮೆ ಒಂದು ಸುತ್ತೋಲೆ ಬರುತ್ತಿತ್ತು. ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಯಾರೂ ಅಚ್ಚು ಹಾಕದ ಸೋಲುಗಳೆಲ್ಲ ಅದರಲ್ಲಿ ಇರುತ್ತಿದ್ದವು. ಅಕ್ಕನಿಗೆ ಕಾಲೇಜಿನ ಪದವಿಯೂ ಇರಲಿಲ್ಲ. ಆದರೆ ಮೂವತ್ನಾಲ್ಕು ಕಡೆಯ ವಿಜ್ಞಾನಿಗಳಿಗೆ ನಮ್ಮ ಸಂಸ್ಥೆ ಎಂದರೆ ಅಕ್ಕನ ಗುಂಡಗಿನ ಅಕ್ಷರವೇ ಆಗಿತ್ತು.

ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಒಂದು ಕಿಟಕಿ, ಕಾಲು ಕುಂಟುವ ಮೇಜು. ಅಕ್ಕನ ಯಜಮಾನರು ಅಚ್ಚುಮನೆಯಲ್ಲಿ ಪ್ರೂಫ್ ತಿದ್ದುತ್ತಿದ್ದವರು. ನಾನು ಅವರನ್ನು ಭಾವ ಎಂದು ಕರೆಯುತ್ತಿದ್ದೆ. ಭಾವ ಔಷಧಿ ಚೀಟಿ ಕೈಗೆ ಸಿಕ್ಕಿದರೂ ಕೆಂಪು ಪೆನ್ಸಿಲ್ ಹುಡುಕುವ ಮನುಷ್ಯ. ಮಕ್ಕಳಿರಲಿಲ್ಲ. ಹಾಗಾಗಿ ನನ್ನ ಮೇಲೆ ಇಬ್ಬರಿಗೂ ಸಲಿಗೆ, ನನ್ನ ಸಿಟ್ಟನ್ನು ಇಬ್ಬರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಸಿಟ್ಟು ನನಗೆ ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ.

ನನ್ನ ಪ್ರಬಂಧ ನಿಂತಿದ್ದದ್ದು ನಾನೂರ ಹನ್ನೆರಡನೇ ನಳಿಕೆಯ ಮೇಲೆ. ಅದೊಂದು ಬಿಳಿ ಬೂಷ್ಟು. ಗಿಡಗಳ ಬೇರು ಕೊಳೆಸುವ ಇನ್ನೊಂದು ಬೂಷ್ಟನ್ನು ತಿಂದುಹಾಕುತ್ತದೆ ಎಂದು ಹಿಂದೆ ನಮ್ಮಲ್ಲೇ ಯಾರೋ ಕಂಡುಹಿಡಿದಿದ್ದರು. ಬಳಗದಲ್ಲಿ ಅದಕ್ಕೆ ತುಂಬ ಹೆಸರಿತ್ತು, ಹನ್ನೊಂದು ಕಡೆಗೆ ಹೋಗಿತ್ತು. ಅದು ಹೇಗೆ ತಿನ್ನುತ್ತದೆ ಎಂಬುದರ ಮೇಲೆ ನಾಲ್ಕು ವರ್ಷ ಒದ್ದಾಡಿ, ಪ್ರಬಂಧ ಬರೆದು ಒಪ್ಪಿಸಿ, ಮೌಖಿಕ ಪರೀಕ್ಷೆಯ ದಿನಕ್ಕಾಗಿ ಕಾಯುತ್ತಿದ್ದೆ.

ಆಗ ದೂರದ ಒಂದು ದೇಶದಿಂದ ಅಕ್ಕನಿಗೆ ಒಂದು ಪತ್ರ ಬಂತು. ಬರೆದವಳು ನನ್ನ ಹಾಗೆಯೇ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. "ನೀವು ಕಳಿಸಿದ ನಾನೂರ ಹನ್ನೆರಡು ನನ್ನ ಕೈಯಲ್ಲಿ ಏನನ್ನೂ ತಿನ್ನುತ್ತಿಲ್ಲ. ಎರಡು ಬೂಷ್ಟನ್ನೂ ಎದುರುಬದುರು ಹಾಕಿ ನಲವತ್ತು ಗಾಜಿನ ತಟ್ಟೆ ಇಟ್ಟೆ, ನಲವತ್ತರಲ್ಲೂ ಸೋತೆ. ತಪ್ಪು ನನ್ನದೇ ಇರಬೇಕು. ನನಗೆ ಕೈಕೆಲಸದ ಶಿಸ್ತಿಲ್ಲ ಎಂದು ನಮ್ಮ ಪ್ರಾಧ್ಯಾಪಕರು ತೀರ್ಮಾನಿಸಿದ್ದಾರೆ. ಈ ತಿಂಗಳ ಕೊನೆಗೆ ನನ್ನನ್ನು ಮುಂದುವರಿಸುವುದೋ ಬೇಡವೋ ಎಂದು ನಿರ್ಧರಿಸುತ್ತಾರೆ. ನಾನು ಎಲ್ಲಿ ಎಡವುತ್ತಿದ್ದೇನೆಂದು ದಯವಿಟ್ಟು ಹೇಳಿಕೊಡುತ್ತೀರಾ?" ಎಂದು ಬರೆದಿದ್ದಳು.

ಅಕ್ಕ ಪತ್ರವನ್ನು ಎರಡು ಸಲ ಓದಿ, ನಾನೂರ ಹನ್ನೆರಡನ್ನು ಗೂಡಿನಿಂದ ತೆಗೆದರು. ಮೂರು ದಿನ ಸೂಕ್ಷ್ಮದರ್ಶಕದ ಮುಂದಿನಿಂದ ಏಳಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಚಿತ್ರಗಳನ್ನು ಕಪಾಟಿನಿಂದ ಇಳಿಸಿ ಪಕ್ಕದಲ್ಲಿ ಹರಡಿಕೊಂಡಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು, "ಬಾರೇ ಇಲ್ಲಿ, ನೋಡು" ಎಂದರು.

ನೋಡಿದೆ. ಚಿತ್ರದಲ್ಲಿ ಬೀಜಕಣಗಳು ದುಂಡಗಿದ್ದವು. ಗಾಜಿನ ಕೆಳಗಿನವು ತುಸು ಉದ್ದ, ಒಂದು ತುದಿಯಲ್ಲಿ ಮೊಂಡು. ಬರಿಗಣ್ಣಿಗೆ ಎರಡೂ ಬೂಷ್ಟು ಒಂದೇ, ಹತ್ತಿಯ ಹಾಗೆ ಬೆಳ್ಳಗೆ.

"ಇದು ನಾನೂರ ಹನ್ನೆರಡಲ್ಲ ಕಣೇ. ಯಾವುದೋ ಗಾಳಿ ಬೂಷ್ಟು ಒಳಗೆ ಹೊಕ್ಕಿದೆ. ಇದು ಬೇಗ ಬೆಳೆಯೋ ಜಾತಿ. ಮೊದಲು ಎರಡೂ ಒಟ್ಟಿಗೆ ಇದ್ದಿರ್ತವೆ. ಸಾಗಿಸ್ತಾ ಸಾಗಿಸ್ತಾ ಇದೇ ಮೇಲಾಗಿ, ಹಳೇದು ಕಳೆದೇಹೋಗಿದೆ."

"ಯಾವಾಗ ಹೊಕ್ಕಿದ್ದು?"

ಅಕ್ಕ ದಾಖಲೆ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. ಐದು ವರ್ಷದ ಹಿಂದಿನ ಒಂದು ಪುಟ. ಭಾವನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿ ಆಸ್ಪತ್ರೆಯಲ್ಲಿದ್ದ ತಿಂಗಳು. ಅಕ್ಕ ಮಧ್ಯಾಹ್ನದವರೆಗೆ ನಳಿಕೆ ಸಾಗಿಸಿ, ಆಮೇಲೆ ಆಸ್ಪತ್ರೆಗೆ ಓಡುತ್ತಿದ್ದರು. ಆ ಒಂದು ಸುತ್ತಿನಲ್ಲಿ ಮುನ್ನೂರ ತೊಂಬತ್ತರಿಂದ ನಾನೂರ ಮೂವತ್ತರವರೆಗೆ "ನೋಡಿದೆ" ಎಂಬ ಗುರುತು ಹಾಕಿದ್ದರು, ಆದರೆ ನೋಡಿರಲಿಲ್ಲ. ಬರಿಗಣ್ಣಿಗೆ ಸರಿಯಾಗಿ ಕಂಡದ್ದರಿಂದ ಸರಿ ಎಂದುಕೊಂಡು ಹಳೆಯದನ್ನು ಎಸೆದಿದ್ದರು. ಆಮೇಲಿನ ಸುತ್ತುಗಳಲ್ಲಿ ಹಿಂದಿನ ಸಲದ ನಳಿಕೆಯನ್ನೇ ಪಕ್ಕದಲ್ಲಿಟ್ಟು ಹೋಲಿಸಿದ್ದರು. ತಪ್ಪನ್ನು ತಪ್ಪಿನ ಜೊತೆ ಹೋಲಿಸಿದರೆ ಸರಿಯಾಗಿಯೇ ಕಾಣುತ್ತದೆ. ಉಳಿದ ನಲವತ್ತನ್ನೂ ಪರೀಕ್ಷಿಸಿದ್ದರು, ಅವು ಚೆನ್ನಾಗಿದ್ದವು. ಹೋದದ್ದು ಇದೊಂದೇ.

ನನಗೆ ಮಾತ್ರ ಅಕ್ಕನಿಗೆ ಗೊತ್ತಿಲ್ಲದ ಒಂದು ವಿಷಯ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ನಾನು ಪ್ರಯೋಗ ಶುರುಮಾಡಿದಾಗ ಹತ್ತು ತಟ್ಟೆಗಳಲ್ಲಿ ಮೂರರಲ್ಲಿ ಮಾತ್ರ ಬಿಳಿ ಬೂಷ್ಟು ಇನ್ನೊಂದನ್ನು ತಿಂದಿತ್ತು. ಏಳರಲ್ಲಿ ಇಲ್ಲ. ಆ ಏಳನ್ನು ನನ್ನ ಕೈಯ ದೋಷ ಎಂದುಕೊಂಡು ಲೆಕ್ಕದಿಂದಲೇ ಕೈಬಿಟ್ಟಿದ್ದೆ. ಆ ಮೂರರ ಚಿತ್ರ, ಅಳತೆಗಳ ಮೇಲೆ ಪ್ರಬಂಧ ಕಟ್ಟಿದೆ. ಬಳಗಕ್ಕೆ ಬರೆದ ಟಿಪ್ಪಣಿಯಲ್ಲೂ ಮೂರರ ಸುದ್ದಿ ಮಾತ್ರ. ಏಳನ್ನೂ ಬರೆದಿದ್ದರೆ ಅಕ್ಕ ಆಗಲೇ ನಳಿಕೆ ತೆಗೆದು ನೋಡುತ್ತಿದ್ದರು, ಹಳೆಯ ಬೂಷ್ಟು ಇನ್ನೂ ಅದರಲ್ಲೇ ಸಿಗುತ್ತಿತ್ತು. ದೂರದ ಹುಡುಗಿಗೆ ಕಂಡದ್ದೇ ನನಗೂ ಕಂಡಿತ್ತು. ಅವಳು ನಲವತ್ತನ್ನೂ ಬರೆದಳು, ನಾನು ಏಳನ್ನು ನುಂಗಿದೆ.

ಅಕ್ಕ ನಿರ್ದೇಶಕರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ನಿರ್ದೇಶಕರು ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯ.

"ಏನಮ್ಮಾ, ಹದಿಮೂರು ತಿಂಗಳಿದೆ ನಿಮ್ಮ ನಿವೃತ್ತಿಗೆ. ಈಗ ಹೋಗಿ ಊರಿಗೆಲ್ಲ ಡಂಗುರ ಹೊಡೀತೀರಾ? ನಳಿಕೆ ಸತ್ತುಹೋಯ್ತು ಅಂತ ಪಟ್ಟಿಯಿಂದ ತೆಗೆದುಬಿಡಿ. ಮುಗೀತು."

"ಸತ್ತಿಲ್ಲ ಸಾರ್. ತಪ್ಪಾಗಿದೆ. ಐದು ವರ್ಷದಲ್ಲಿ ಆರು ಕಡೆಗೆ ಕಳಿಸಿದೀನಿ. ಆರು ಜನ ಅದನ್ನ ನಂಬಿಕೊಂಡು ಕೂತಿದಾರೆ."

"ಆ ಆರು ಜನಕ್ಕೆ ಬರೀರಿ ಹಾಗಾದ್ರೆ."

"ಅವರು ಇನ್ಯಾರಿಗೆ ಕೊಟ್ಟಿದಾರೋ ನನಗೇನು ಗೊತ್ತು? ಮೂವತ್ನಾಲ್ಕು ಕಡೆಗೂ ಬರೀಬೇಕು."

"ಬರೆದ್ರೆ ನಳಿಕೆ ಕೋಣೆಯ ಬೀಗದ ಕೈ ನಿಮ್ಮ ಹತ್ರ ಇರಲ್ಲ. ಆಮೇಲೆ ನನ್ನನ್ನ ದೂರಬೇಡಿ."

ಅಕ್ಕ ತಲೆಯಾಡಿಸಿ ಹೊರಬಂದರು. ಆ ದಿನ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪತ್ರದ ಕರಡು ಬರೆದು ಭಾವನ ಮುಂದಿಟ್ಟರು. ಭಾವ ಕನ್ನಡಕ ಏರಿಸಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ಓದುತ್ತ ಓದುತ್ತ ನಿಂತರು.

"ಯಾಕಾಯ್ತು ಅಂತ ಬರೆದೇ ಇಲ್ಲವಲ್ಲ. ನನಗೆ ಹುಷಾರಿರಲಿಲ್ಲ ಅಂತ ಒಂದು ಸಾಲು ಹಾಕು. ಜನ ಕಲ್ಲಲ್ಲ, ಅರ್ಥ ಮಾಡ್ಕೋತಾರೆ."

"ನೀವು ಆಸ್ಪತ್ರೆಯಲ್ಲಿದ್ದಿದ್ದು ನಳಿಕೆಗೇನು ಗೊತ್ತುರೀ? ನೋಡದೆ ನೋಡಿದೆ ಅಂತ ಗುರುತು ಹಾಕಿದ್ದು ನಾನು. ಅದನ್ನೇ ಬರೆದಿದೀನಿ."

ಭಾವ ಪೆನ್ಸಿಲ್ ಕೆಳಗಿಟ್ಟರು. ಒಂದು ಅಲ್ಪವಿರಾಮವನ್ನೂ ತಿದ್ದದೆ ಅವರು ವಾಪಸು ಕೊಟ್ಟ ಕಾಗದ ಅದೊಂದೇ ಇರಬೇಕು.

ಮಾರನೆಯ ಬೆಳಿಗ್ಗೆ ಅಕ್ಕ ಮೂವತ್ನಾಲ್ಕು ಲಕೋಟೆಗಳನ್ನು ಚೀಲದಲ್ಲಿ ಹಾಕಿಕೊಂಡು ಅಂಚೆ ಕಚೇರಿಗೆ ಹೊರಟಿದ್ದರು. ನಾನು ಕಬ್ಬಿಣದ ಮೆಟ್ಟಿಲು ದಡದಡ ಇಳಿದು ಅಡ್ಡ ನಿಂತೆ. ಹಿಂದಿನ ದಿನವೇ ನನ್ನ ಮೌಖಿಕ ಪರೀಕ್ಷೆಯ ತಾರೀಕು ಬಂದಿತ್ತು: ಸರಿಯಾಗಿ ಹದಿನೆಂಟು ದಿನಕ್ಕೆ. ಪರೀಕ್ಷಕರಿಬ್ಬರೂ ಬಳಗದವರೇ.

"ಅಕ್ಕ, ಹತ್ತೊಂಬತ್ತು ದಿನ ತಡೀರಿ. ನನ್ನ ಪರೀಕ್ಷೆ ಮುಗಿದ ಮಾರನೇ ದಿನ ಹಾಕಿ. ಅಷ್ಟೇ ನಾನು ಕೇಳೋದು."

"ಆ ಹುಡುಗಿ ಕಾಯ್ತಿದಾಳೆ ಕಣೇ."

"ತಿಂಗಳ ಕೊನೆಗೆ ಅಲ್ವಾ ನಿರ್ಧಾರ? ಯಾರೂ ಹೇಳಿದ ದಿನಕ್ಕೇ ನಿರ್ಧಾರ ಮಾಡಲ್ಲ. ನಮ್ಮಲ್ಲೇ ನೋಡಿ, ಒಂದು ಕುರ್ಚಿ ಬೇಕಂದ್ರೆ ವರ್ಷ ತಗೋತಾರೆ."

ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡರು. ನಾನು ಅಳತೊಡಗಿದೆ. ಅಳುತ್ತಲೇ ಸಿಟ್ಟು ಬಂತು. "ನಿಮ್ಮ ತಪ್ಪಿಗೆ ನನ್ನ ನಾಲ್ಕು ವರ್ಷ ಹಾಳಾಗಬೇಕಾ?" ಎಂದುಬಿಟ್ಟೆ. ಏಳು ತಟ್ಟೆಗಳ ಮಾತು ಆಗಲೂ ಬಾಯಿಂದ ಹೊರಡಲಿಲ್ಲ. ಅಕ್ಕನ ಮುಖ ಸಣ್ಣದಾಯಿತು. ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿ ಗೋಡೆಯ ಮೊಳೆಗೆ ತೂಗುಹಾಕಿದರು. ನಾನು ಗೆದ್ದೆ ಎಂದುಕೊಂಡು ಮೇಲೆ ಹೋದೆ.

ಪರೀಕ್ಷೆ ಚೆನ್ನಾಗಿ ಆಯಿತು. ಮೂರು ತಟ್ಟೆಗಳ ಚಿತ್ರ ತೋರಿಸಿದೆ, ಪರೀಕ್ಷಕರು ತಲೆದೂಗಿದರು, ಕೈಕುಲುಕಿದರು. ಮಾರನೆಯ ಬೆಳಿಗ್ಗೆ ಅಂಚೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದರಂತೆ. ಮೂವತ್ನಾಲ್ಕೂ ಹೋದವು.

ಹೊರದೇಶಕ್ಕೆ ಅಂಚೆ ಮುಟ್ಟಲು ಆಗ ಹತ್ತು ದಿನ ಬೇಕಿತ್ತು. ಉತ್ತರಗಳು ಬರತೊಡಗಿದವು. ಕೆಲವರು ಎರಡು ಸಾಲು ಬರೆದು ಸುಮ್ಮನಾದರು. ಒಬ್ಬರು ಖಾರವಾಗಿ ಬರೆದರು. ಬಹಳ ಜನ ಬರೆದದ್ದು ಬೇರೆ ಥರದ ಪತ್ರ: ನಿಮ್ಮದನ್ನು ಓದಿ ನಾವೂ ನಮ್ಮ ಗೂಡುಗಳನ್ನು ತೆಗೆದು ನೋಡಿದೆವು, ನಮ್ಮಲ್ಲೂ ಎರಡು ತಪ್ಪಾಗಿವೆ, ನಮ್ಮಲ್ಲೂ ಐದು. ಅವೆಲ್ಲ ಮುಂದಿನ ಸುತ್ತೋಲೆಯಲ್ಲಿ ಅಚ್ಚಾದವು. ನಿವೃತ್ತರಾದ ಒಬ್ಬ ಮುದುಕರು ಹದಿನಾಲ್ಕು ವರ್ಷದ ಹಿಂದೆ ಅಕ್ಕ ಕಳಿಸಿದ್ದ ಮೊದಲ ನಾನೂರ ಹನ್ನೆರಡನ್ನು ಒಣಗದಂತೆ ಎಣ್ಣೆಯಲ್ಲಿ ಮುಳುಗಿಸಿ ಜೋಪಾನವಾಗಿ ಇಟ್ಟಿದ್ದರು. ಅದರಿಂದ ಒಂದು ಹೊಸ ನಳಿಕೆ ಬೆಳೆಸಿ ಕಳಿಸಿಕೊಟ್ಟರು. ಅಕ್ಕ ಅದನ್ನು ಗಾಜಿನ ಕೆಳಗಿಟ್ಟು ನೋಡಿ, "ದುಂಡಗಿದೆ" ಎಂದು ಅತ್ತರು. ಬಳಗವೆಂದರೇನೆಂದು ನನಗೆ ಅರ್ಥವಾದದ್ದು ಆ ದಿನ. ಕೊಟ್ಟಿದ್ದರಿಂದಲೇ ಅದು ಉಳಿದಿತ್ತು. ನಾವೇ ಬಚ್ಚಿಟ್ಟುಕೊಂಡಿದ್ದರೆ ಲೋಕದಿಂದಲೇ ಹೋಗಿರುತ್ತಿತ್ತು.

ಆ ಹುಡುಗಿಯ ಪ್ರಯೋಗಾಲಯದಿಂದ ಬಂದ ಉತ್ತರ ಕೊನೆಯದು. ಪ್ರಾಧ್ಯಾಪಕರು ಬರೆದಿದ್ದರು: "ನಿಮ್ಮ ಪತ್ರಕ್ಕೆ ಕೃತಜ್ಞತೆಗಳು. ನೀವು ಹೇಳಿದ ವಿದ್ಯಾರ್ಥಿನಿ ಈಗ ನಮ್ಮಲ್ಲಿಲ್ಲ. ಆಕೆಯನ್ನು ಮುಂದುವರಿಸಲಿಲ್ಲ. ನಿಮ್ಮ ಪತ್ರ ಬರುವುದಕ್ಕೆ ಎಂಟು ದಿನ ಮೊದಲು ಊರಿಗೆ ಹೊರಟುಹೋದಳು. ಆ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ವಿಷಾದವಿದೆ."

ಅಕ್ಕ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಲ್ಲಿ ಎಣಿಸಿದರು. ನನಗೆ ಎಣಿಸುವ ಅಗತ್ಯವಿರಲಿಲ್ಲ. ಆ ದಿನ ಬೆಳಿಗ್ಗೆಯೇ ಚೀಲ ಅಂಚೆಗೆ ಹೋಗಿದ್ದರೆ ಅವಳು ಹೊರಡುವ ಹನ್ನೊಂದು ದಿನ ಮೊದಲೇ ಪತ್ರ ಅವಳ ಕೈಯಲ್ಲಿರುತ್ತಿತ್ತು. ಅಕ್ಕ ನನ್ನ ಕಡೆ ತಿರುಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಹಗುರಾಗುತ್ತಿತ್ತು. ಅವರು ಆ ಪ್ರಾಧ್ಯಾಪಕರಿಗೆ ಕಾರ್ಡು ಬರೆದು ಹುಡುಗಿಯ ಮನೆಯ ವಿಳಾಸ ಕೇಳಿದರು. ಎಷ್ಟೋ ತಿಂಗಳ ಮೇಲೆ ಅದು ಸಿಕ್ಕಾಗ, ಬಳಗಕ್ಕೆ ಬರೆದದ್ದನ್ನೇ ಇನ್ನೊಂದು ಪ್ರತಿ ಮಾಡಿ, ಅದನ್ನು ಅಂಚೆಗೆ ಹಾಕಿದ್ದ ತಾರೀಕನ್ನೂ ಕೆಳಗೆ ಬರೆದು, ಮೂವತ್ತೈದನೆಯದಾಗಿ ಅವಳಿಗೆ ಕಳಿಸಿದರು.

ನಿರ್ದೇಶಕರು ಮಾತು ತಪ್ಪಲಿಲ್ಲ. ಬೀಗದ ಕೈ ಬೇರೆಯವರ ಪಾಲಾಯಿತು. ಉಳಿದ ತಿಂಗಳುಗಳನ್ನು ಅಕ್ಕ ಗ್ರಂಥಾಲಯದಲ್ಲಿ ಹಳೆಯ ಸುತ್ತೋಲೆಗಳಿಗೆ ರಟ್ಟು ಹಾಕುತ್ತ ಕಳೆದರು. ಹೊಸದಾಗಿ ಬಂದವನಿಗೆ ಅನುಮಾನ ಬಂದರೆ ಅಲ್ಲಿಗೇ ನಳಿಕೆ ಹಿಡಿದು ಓಡಿಬರುತ್ತಿದ್ದ. ಬೀಳ್ಕೊಡುಗೆ ಸಭೆ ಮಾಡಲಿಲ್ಲ. ಕೊನೆಯ ದಿನ ಭಾವನೇ ಗೇಟಿನ ತನಕ ಬಂದು ಕರೆದುಕೊಂಡು ಹೋದರು.

ನಿವೃತ್ತಿಯಾದ ಮೂರನೇ ವಾರ ಹುಡುಗಿಯ ಉತ್ತರ ಬಂತು. ಅವಳು ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. "ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ನಾನು ಸೋಮಾರಿತನದಿಂದ ಹಾಳಾದೆ ಎಂದು ಅಪ್ಪ ಒಂದು ವರ್ಷದಿಂದ ಸರಿಯಾಗಿ ಮಾತಾಡಿಸಿರಲಿಲ್ಲ. ಈಗ ಮಾತಾಡುತ್ತಾರೆ. ಪ್ರಯೋಗಾಲಯಕ್ಕೆ ಇನ್ನು ಹೋಗುವುದಿಲ್ಲ. ಆದರೆ ಒಂದು ಅರ್ಥವಾಗಲಿಲ್ಲ. ಪತ್ರ ಬರೆದ ತಾರೀಕಿಗೂ ಬಳಗಕ್ಕೆ ಅಂಚೆಗೆ ಹಾಕಿದ ತಾರೀಕಿಗೂ ಹತ್ತೊಂಬತ್ತು ದಿನದ ಅಂತರ ಏಕೆ?"

ಅಕ್ಕ ಅದನ್ನು ನನ್ನ ಕೈಗೆ ಕೊಟ್ಟರು. "ನಾನು ಮಾಡಿದ್ದು ನಾನು ಬರೆದಾಯ್ತು. ಇದಕ್ಕೆ ನಾನು ಏನಂತ ಬರೀಲಿ? ನೀನೇ ಹೇಳು."

ನಾನೇ ಬರೆದೆ. ಹತ್ತೊಂಬತ್ತು ದಿನದ ಕತೆ ಬರೆದೆ. ಮೆಟ್ಟಿಲ ಬಳಿ ಆಡಿದ ಮಾತು ಬರೆದೆ. ಕೊನೆಗೆ ಆ ಏಳು ತಟ್ಟೆಗಳನ್ನೂ ಬರೆದೆ, ಅಂಚೆಗೆ ಹಾಕುವ ಮೊದಲು ಅಕ್ಕನಿಗೆ ಓದಿದೆ. ಅಲ್ಲಿಯವರೆಗೆ ಅವರಿಗೂ ಅದು ಗೊತ್ತಿರಲಿಲ್ಲ. ಕೇಳಿ, "ಬಳಗಕ್ಕೂ ಒಂದು ಪ್ರತಿ ಹಾಕು" ಎಂದರು. ಹಾಕಿದೆ. ಪದವಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಪ್ರಬಂಧದ ಆ ಅಧ್ಯಾಯವನ್ನು ನಂಬಬೇಡಿ ಎಂಬ ನನ್ನ ಸಾಲು ಮಾತ್ರ ಸುತ್ತೋಲೆಯಲ್ಲಿ ಶಾಶ್ವತವಾಗಿ ಉಳಿಯಿತು.

ಹುಡುಗಿಯ ಉತ್ತರ ಈ ಸಲ ನನ್ನ ಹೆಸರಿಗೇ ಬಂತು. ಒಂದೇ ಸಾಲು. "ಆ ಹತ್ತೊಂಬತ್ತು ದಿನ ನಿಮಗೆ ನಿದ್ದೆ ಬರುತ್ತಿತ್ತೇ?"

ಕೆಳಗಿಳಿದು ಅಕ್ಕನಿಗೆ ತೋರಿಸಿದೆ. ಅವರು ಓದಿ ನನ್ನ ಮುಖ ನೋಡಿದರು.

"ಬರ್ತಿತ್ತಾ?"

"ಬರ್ತಿತ್ತು ಅಕ್ಕ. ಚೆನ್ನಾಗೇ ಬರ್ತಿತ್ತು."

"ನನಗೆ ಬರ್ತಿರಲಿಲ್ಲ" ಎಂದರು ಅಕ್ಕ.

ಎರಡನ್ನೂ ಹಾಗೆಯೇ ಬರೆದು ಕಳಿಸಿದೆ.